ಸೋಲಾರ್ ವಾಟರ್ ಹೀಟರ್: ಟ್ಯೂಬೋ ಪ್ಯಾನೆಲ್ಲೋ ಎಂದು ಕೇಳುವ ಮೊದಲು ನಿಮ್ಮ ನೀರು ನೋಡಿ

ನಾಲ್ಕು ಜನರ ಸ್ನಾನಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಗೀಸರ್ ಸುಮಾರು 3 ಯೂನಿಟ್ ಕರೆಂಟ್ ತಿನ್ನುತ್ತದೆ. ತಿಂಗಳಿಗೆ 90 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯ ಆಸುಪಾಸಿನಲ್ಲಿರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ. ಗಡಿ ದಾಟಿದ ತಿಂಗಳು ಹೆಚ್ಚಾದ ಐದಾರು ಯೂನಿಟ್‌ಗೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಅಂಥ ಮನೆಗೆ ಸೋಲಾರ್ ಬೇಗ ದುಡ್ಡು ವಾಪಸ್ ಕೊಡುತ್ತದೆ.

ಆದರೆ 2022-23ರ ಸರಾಸರಿಗೆ ಶೇ 10 ಸೇರಿಸಿ ನಿಮಗೆ ನಿಗದಿಯಾದ ಯೂನಿಟ್ ಒಳಗೇ ಗೀಸರ್ ಬಳಕೆಯೂ ಮುಗಿಯುತ್ತಿದ್ದು, ಶೂನ್ಯ ಬಿಲ್ ಬರುತ್ತಿದ್ದರೆ, ಸೋಲಾರ್ ಹಾಕಿಸಿ ಉಳಿಯುವುದು ಏನೂ ಇಲ್ಲ. ಕೊಟೇಷನ್ ಕೈಗೆ ಕೊಡುವವರು ಈ ಮಾತು ಎತ್ತುವುದಿಲ್ಲ. ಹಳೆಯ ಆರು ಬಿಲ್ ಮುಂದಿಟ್ಟುಕೊಂಡು ನೀವೇ ನೋಡಿಕೊಳ್ಳಿ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಇಟಿಸಿ ಎಂದರೆ ಗಾಜಿನ ಟ್ಯೂಬ್‌ಗಳ ಸೋಲಾರ್. ಎಫ್‌ಪಿಸಿ ಎಂದರೆ ಗಟ್ಟಿ ಗಾಜಿನಡಿ ತಾಮ್ರದ ಕೊಳವೆಗಳಿರುವ ಚಪ್ಪಟೆ ಪ್ಯಾನೆಲ್. 100 ಲೀಟರಿಗೆ ಸುಮಾರು 2 ಚದರ ಮೀಟರಿನ ಒಂದು ಪ್ಯಾನೆಲ್ ಬೇಕು. ಪ್ಯಾನೆಲ್ ಬಗೆ ದುಬಾರಿ, ಬಾಳಿಕೆಯೂ ಹೆಚ್ಚು. ಆದರೆ ಅದರ ಒಳಗಿನ ತಾಮ್ರದ ಕೊಳವೆಗಳು ಬೆರಳಿಗಿಂತ ಸಣ್ಣ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟರೆ ಒಳಗೆ ಸುಣ್ಣ ಕಟ್ಟಿ, ನೀರಿನ ಸುತ್ತಾಟ ನಿಂತು, ಬಿಸಿಲು ಎಷ್ಟಿದ್ದರೂ ಟ್ಯಾಂಕ್ ಬೆಚ್ಚಗಾಗುವುದಿಲ್ಲ. ನಮ್ಮ ತೀರ್ಮಾನ ಇಷ್ಟು: ಕಾವೇರಿ ನೀರು ಬರುವ ಮನೆಗೆ ಪ್ಯಾನೆಲ್, ಬರೀ ಬೋರ್‌ವೆಲ್ ನಂಬಿದ ಮನೆಗೆ ಟ್ಯೂಬ್. ಬೋರ್ ನೀರಿದ್ದೂ ಪ್ಯಾನೆಲ್ಲೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ (ಸ್ನಾನದ ನೀರು ಪ್ಯಾನೆಲ್ಲಿನೊಳಗೆ ಹೋಗದೆ, ಅಲ್ಲಿ ಸುತ್ತುವ ಬೇರೆ ದ್ರವದಿಂದ ಕಾಯುವ ವ್ಯವಸ್ಥೆ) ಇರುವುದನ್ನೇ ಕೇಳಿ. ಪ್ಯಾನೆಲ್ ಮೇಲೆ ಐಎಸ್ 12933 ಗುರುತು ಇದೆಯೇ ನೋಡಿ.

ಟ್ಯಾಂಕಿನ ವಿಷಯಕ್ಕೂ ಇದೇ ಮಾತು. ಬೋರ್ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಸ್ಟೇನ್‌ಲೆಸ್ ಸ್ಟೀಲ್ 304 ಟ್ಯಾಂಕ್ ಬೆಸುಗೆಯ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಸೋರುತ್ತದೆ. ಒಳಗೆ ಗಾಜಿನ ಲೇಪವಿರುವ ಟ್ಯಾಂಕ್ ಇಲ್ಲಿ ಮೇಲು. ಅದರಲ್ಲಿ ಮೆಗ್ನೀಷಿಯಂ ಆನೋಡ್ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ತೆಳ್ಳಗಾಗಿದ್ದರೆ ಬದಲಿಸಬೇಕು.

ಟ್ಯೂಬ್ ಒಡೆದರೆ ಆ ಬಾಯಿಂದಲೇ ಟ್ಯಾಂಕಿನ ನೀರೆಲ್ಲ ಸುರಿದು ಹೋಗುತ್ತದೆ. ಮೊದಲು ತಣ್ಣೀರಿನ ವಾಲ್ವ್ ಮುಚ್ಚಿ. ಹೊಸ ಟ್ಯೂಬನ್ನು ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ಮೆಲ್ಲಗೆ ತಿರುಗಿಸುತ್ತ ಕೂರಿಸಬೇಕು. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ಆದ್ದರಿಂದ ಬೆಳಗ್ಗೆ ಬಿಸಿಲೇರುವ ಮುಂಚೆ ತುಂಬಿಸಿ. ಟ್ಯೂಬಿನ ಕೆಳತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಹೊಳಪಿರುತ್ತದೆ. ಅದು ಹಾಲುಬಿಳಿಗೆ ತಿರುಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಟ್ಯೂಬ್ ಒಡೆಯದಿದ್ದರೂ ಕೆಲಸಕ್ಕೆ ಬಾರದು.

ಇಷ್ಟೆಲ್ಲ ಸರಿಯಿದ್ದೂ "ಬೆಳಗ್ಗೆ ನೀರು ಬಿಸಿಯೇ ಇಲ್ಲ" ಎಂಬ ದೂರು ಬರುತ್ತದೆ. ಹೆಚ್ಚಿನ ಸಲ ತಪ್ಪು ಹೀಟರಿನದಲ್ಲ, ಪೈಪಿನದು. ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಸಿಂಟೆಕ್ಸ್‌ನಲ್ಲಿ ನೀರು ಕಡಿಮೆಯಾದ ದಿನ ಸೋಲಾರ್ ತುಂಬುವುದಿಲ್ಲ. ತಣ್ಣೀರಿನ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಕಾದ ನೀರು ಹಿಂದಕ್ಕೆ ಹೋಗುತ್ತದೆ. ಏರ್ ವೆಂಟ್ ಪೈಪು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಬಾಯಿ ತೆರೆದಿರಬೇಕು. ಹನಿ ಬೀಳುತ್ತದೆಂದು ಅದಕ್ಕೆ ಎಂಡ್ ಕ್ಯಾಪ್ ಹಾಕಲು ಯಾರಿಗೂ ಬಿಡಬೇಡಿ. ಆವಿ ಹೊರಹೋಗುವ ದಾರಿಯೂ ಅದೇ, ನೀರು ಇಳಿಯುವಾಗ ಗಾಳಿ ಒಳಬರುವ ದಾರಿಯೂ ಅದೇ. ಮುಚ್ಚಿದರೆ ಟ್ಯಾಂಕ್ ಉಬ್ಬುತ್ತದೆ, ಇಲ್ಲವೇ ಒಳಕ್ಕೆ ಕುಸಿಯುತ್ತದೆ.

ಪತ್ತೆಯಾಗದ ಇನ್ನೊಂದು ಕಳ್ಳದಾರಿ ಬಿಸಿನೀರು, ತಣ್ಣೀರು ಬೆರೆಸುವ ಬಚ್ಚಲಿನ ಮಿಕ್ಸರ್ ಟ್ಯಾಪಿನಲ್ಲಿದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಇದ್ದು, ಮಿಕ್ಸರಿನ ಎರಡೂ ತಿರುವು ತೆರೆದು ಹ್ಯಾಂಡ್ ಶವರನ್ನಷ್ಟೇ ಮುಚ್ಚಿದರೆ, ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗಿ ರಾತ್ರಿಯಿಡೀ ಟ್ಯಾಂಕನ್ನು ತಣಿಸುತ್ತದೆ.

ತಾರಸಿಯಿಂದ ಬಚ್ಚಲಿಗೆ ಎಷ್ಟು ದೂರ ಎಂಬುದೂ ಮುಖ್ಯ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಒಂದು ಮೀಟರಿನಲ್ಲಿ ಕಾಲು ಲೀಟರ್ ನೀರು ನಿಂತಿರುತ್ತದೆ, ಒಂದಿಂಚಿನದರಲ್ಲಿ 400 ಮಿಲಿ ಲೀಟರಿಗೂ ಹೆಚ್ಚು. ನೆಲಮಹಡಿಗೆ ಒಂದಿಂಚಿನ ಪೈಪು 25 ಮೀಟರ್ ಓಡಿದ್ದರೆ ಬಿಸಿ ಬರುವ ಮುನ್ನ 10 ಲೀಟರ್ ಹರಿಯಬೇಕು. ಅದನ್ನು ಬಕೆಟ್ಟಿಗೆ ಹಿಡಿದು ಬೇರೆ ಕೆಲಸಕ್ಕೆ ಬಳಸಿ. ಬಿಸಿಲಿಗೆ ಬಿದ್ದ ಪೈಪಿನ ಕಪ್ಪು ಫೋಮ್ ಬೇಗ ಪುಡಿಯಾಗುತ್ತದೆ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ.

ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೇ 2 ಕಿಲೋವ್ಯಾಟ್ ಕಾಯಿಲ್ ಹಾಕಿಕೊಡುತ್ತಾರೆ. ನಮಗೆ ಇದು ಇಷ್ಟವಿಲ್ಲ. ಸ್ವಿಚ್ ಆರಿಸಲು ಮರೆತ ರಾತ್ರಿ 200 ಲೀಟರನ್ನು 30 ಡಿಗ್ರಿ ಕಾಯಿಸಲು 7 ಯೂನಿಟ್ ಹೋಗುತ್ತದೆ, ಬೇಕಿದ್ದದ್ದು ಎರಡು ಬಕೆಟ್ ಆದರೂ. ಬಚ್ಚಲಿನಲ್ಲಿ 3 ಲೀಟರಿನ ಇನ್‌ಸ್ಟಂಟ್ ಗೀಸರ್ ಇಟ್ಟುಕೊಳ್ಳುವುದು ಲೇಸು. ಮಲೆನಾಡಿನಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರನ್ನು ನೆಚ್ಚುವಂತಿಲ್ಲ. ಅಡಿಕೆ ಸಿಪ್ಪೆ ಉರಿಸುವ ಬಚ್ಚಲೊಲೆ, ಹಂಡೆ ಇದ್ದವರು ಕೀಳಿಸಬೇಡಿ.

ನಿರ್ವಹಣೆ ದೊಡ್ಡದೇನಲ್ಲ. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಮುಂಜಾನೆ ಗಾಜಿನ ಧೂಳು ಒರೆಸಿ. ಮೂರು ತಿಂಗಳಿಗೊಮ್ಮೆ ಡ್ರೈನ್ ವಾಲ್ವ್ ತೆರೆದು ಕೆಸರು ಬಿಡಿ. ಪಾತ್ರೆ, ಬಟ್ಟೆಗೆ ಮಧ್ಯಾಹ್ನ ಬಿಸಿನೀರು ಎಳೆಯಬೇಡಿ. ಎಳೆದಷ್ಟೂ ತಣ್ಣೀರು ಒಳಸೇರಿ ಮರುದಿನದ ಸ್ನಾನಕ್ಕೆ ಬಿಸಿ ಸಾಲದು. ಸುಣ್ಣ ತೆಗೆಯಲು ಬಂದವರ ಕೈಯಲ್ಲಿ ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಇದ್ದರೆ ವಾಪಸ್ ಕಳಿಸಿ, ಅದು ಸ್ಟೀಲ್ ಟ್ಯಾಂಕನ್ನೇ ಕೊರೆಯುತ್ತದೆ. ಸಿಟ್ರಿಕ್ ಆಮ್ಲ ಬಳಸುವವರನ್ನು ಕರೆಸಿ. ವಾರ್ಷಿಕ ಸರ್ವಿಸ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸುಣ್ಣ ತೆಗೆಯುವುದು, ಆನೋಡ್ ಕಡ್ಡಿ, ಟ್ಯೂಬಿನ ರಬ್ಬರ್ ರಿಂಗ್ ಈ ಮೂರೂ ಅದರಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ.