ಮೂರು ರಾತ್ರಿಗೆ ಕೊಹಿಮಾ ಸರಿಯೋ, ಖೊನೋಮಾ ಸರಿಯೋ?

ನಾಗಾಲ್ಯಾಂಡ್‌ಗೆ ನಾನು ಎರಡು ಸಲ ಹೋಗಿ ಬಂದೆ. ಎರಡು ಸಲವೂ ಮೂರೇ ರಾತ್ರಿ. ಮೊದಲ ಸಲ ನಮ್ಮನೆಯವರ ಜೊತೆ, ಡಿಸೆಂಬರ್‌ನ ಹಾರ್ನ್‌ಬಿಲ್ ಹಬ್ಬಕ್ಕೆ. ಆಗ ಉಳಿದದ್ದು ಕೊಹಿಮಾ ಪೇಟೆಯ ನಡುವಿನ ಹೋಟೆಲ್‌ನಲ್ಲಿ. ಎರಡನೇ ಸಲ ಅಮ್ಮನ ಜೊತೆ, ಅಕ್ಟೋಬರ್ ಕೊನೆಯಲ್ಲಿ. ಆಗ ಉಳಿದದ್ದು ಖೊನೋಮಾ ಹಳ್ಳಿಯ ಒಂದು ಮನೆಯಲ್ಲಿ. ಎರಡೂ ಅಂಗಾಮಿ ನಾಗಾ ಜನರ ಊರುಗಳೇ. ನಡುವೆ ಇರುವ ದೂರ ಸುಮಾರು 20 ಕಿಲೋಮೀಟರ್ ಅಷ್ಟೇ. ಆದರೂ ಎಲ್ಲಿ ಮಲಗುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸದ ರುಚಿ ಬದಲಾಗುತ್ತದೆ.

ದಾರಿಯ ಮಾತು ಮೊದಲು ಮುಗಿಸುತ್ತೇನೆ, ಅದು ಎರಡಕ್ಕೂ ಒಂದೇ. ಬೆಂಗಳೂರಿನಿಂದ ಕೋಲ್ಕತ್ತ ಅಥವಾ ಗುವಾಹಟಿ ಮೇಲೆ ಡಿಮಾಪುರಕ್ಕೆ ವಿಮಾನ. ಅಲ್ಲಿಂದ ಕೊಹಿಮಾಗೆ 74 ಕಿಲೋಮೀಟರ್ ಘಾಟಿ ರಸ್ತೆ. ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರ ರಾಜ್ಯದವರು ನಾಗಾಲ್ಯಾಂಡ್ ಒಳಗೆ ಹೋಗಲು ಪಡೆಯುವ ಅನುಮತಿ ಪತ್ರ, ಬೇಕೇ ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಇನ್ನೊಂದು ಮಾತು. ಅಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಅಂಗಡಿಗಳೂ ಬೇಗ ಮುಚ್ಚುತ್ತವೆ. ನಮ್ಮೂರಿನ ಗಡಿಯಾರ ಇಟ್ಟುಕೊಂಡು ಹತ್ತು ಗಂಟೆಗೆ ತಿರುಗಾಟ ಶುರುಮಾಡಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಕೊಹಿಮಾದಲ್ಲಿ ನೋಡಲು ಏನೂ ಕಡಿಮೆ ಇಲ್ಲ. ಎರಡನೇ ಮಹಾಯುದ್ಧದ ಸ್ಮಶಾನ ಒಂದಕ್ಕಾಗಿಯೇ ಆ ಊರಿಗೆ ಹೋಗಬಹುದು. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಜಪಾನಿ ಸೇನೆಯನ್ನು ತಡೆದು ನಿಲ್ಲಿಸಿದ ಜಾಗ ಅದು. ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಗಳದ ಆಚೆ ಬದಿಗೆ ಒಂದು ಸೇನೆ, ಈಚೆ ಬದಿಗೆ ಇನ್ನೊಂದು. ಆ ಅಂಗಳದ ಗೆರೆಗಳನ್ನು ಇವತ್ತಿಗೂ ಬಿಳಿ ಕಾಂಕ್ರೀಟಿನಲ್ಲಿ ಹಾಗೇ ಉಳಿಸಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ 1,420 ಸಮಾಧಿಗಳಿವೆ. ಹೆಚ್ಚಿನವರು ಕೆಳಗಡೆ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಮೇಲಿನವರೆಗೂ ಹತ್ತಿ. ಅಲ್ಲಿ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ನೆನಪಿನ ಸ್ಮಾರಕ ಇದೆ. ಹೆಸರುಗಳನ್ನು ಓದುತ್ತಾ ನಿಂತ ನನಗೆ ಗಂಟಲು ಕಟ್ಟಿತು. ಎಲ್ಲೆಲ್ಲಿಂದಲೋ ಬಂದು ಈ ಬೆಟ್ಟದ ಮೇಲೆ ಪ್ರಾಣ ಬಿಟ್ಟವರು.

ಪೇಟೆಯ ಮಾರುಕಟ್ಟೆಯೂ ನನಗೆ ತುಂಬಾ ಇಷ್ಟವಾಯಿತು. ಮಾರುವವರು ಹೆಚ್ಚಾಗಿ ಹೆಂಗಸರೇ. ರೇಷ್ಮೆಹುಳು, ಬಸವನಹುಳು, ಕಪ್ಪೆ, ಕಣಜದ ಹುಳುವಿನ ಮರಿ, ಬಾಳೆ ಎಲೆಯಲ್ಲಿ ಕಟ್ಟಿಟ್ಟ ಅಕುನಿ. ಅಕುನಿ ಅಂದರೆ ಹುಳಿ ಬರಿಸಿದ ಸೋಯಾ ಕಾಳು, ವಾಸನೆ ದೂರದಿಂದಲೇ ಗೊತ್ತಾಗುತ್ತದೆ. ಪಕ್ಕದಲ್ಲೇ ಕೆಂಪು ಕೆಂಪು ರಾಜಾ ಮಿರ್ಚಿಯ ರಾಶಿ. ನಮ್ಮ ಸೂಜಿಮೆಣಸಿನ ಖಾರ ಇದರ ಮುಂದೆ ಏನೂ ಅಲ್ಲ. ಒಂದು ಎಸಳು ಇಡೀ ಪಾತ್ರೆಗೆ ಸಾಕು.

ಇನ್ನು ಹಾರ್ನ್‌ಬಿಲ್ ಹಬ್ಬ. ಕೊಹಿಮಾದಿಂದ 12 ಕಿಲೋಮೀಟರ್ ದೂರದ ಕಿಸಾಮಾದಲ್ಲಿ ಡಿಸೆಂಬರ್ 1ರಿಂದ 10ರವರೆಗೆ ನಡೆಯುತ್ತದೆ. ದಾಂಡೇಲಿ ಕಾಡಿನಲ್ಲಿ ನಾವು ನೋಡುವ ಮಂಗಟ್ಟೆ ಹಕ್ಕಿಯ ಹೆಸರೇ ಈ ಹಬ್ಬಕ್ಕೆ. ನಾಗಾ ಬುಡಕಟ್ಟುಗಳು ತಮ್ಮ ತಮ್ಮ ಮೊರುಂಗ್ ಕಟ್ಟಿಕೊಂಡು ಅಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ. ಮೊರುಂಗ್ ಅಂದರೆ ಹಿಂದೆ ಹುಡುಗರು ಒಟ್ಟಿಗೆ ಮಲಗಿ ಊರಿನ ಕಥೆ, ಹಾಡು, ಯುದ್ಧ ಎಲ್ಲ ಕಲಿಯುತ್ತಿದ್ದ ಮನೆ. ಕೋನ್ಯಾಕರು, ಆವೋಗಳು, ಅಂಗಾಮಿಗಳು ಎಲ್ಲರನ್ನೂ ಒಂದೇ ದಿನ ನೋಡುವುದು ಬೇರೆಲ್ಲೂ ಸಾಧ್ಯವಿಲ್ಲ. ಮರದ ದಿಮ್ಮಿಯನ್ನೇ ಕೊರೆದು ಮಾಡಿದ ಡೋಲಿನ ಸದ್ದು ಇನ್ನೂ ಎದೆಯಲ್ಲಿದೆ.

ಆದರೆ ಆರಾಮವಾಗಿ ಇದ್ದು ಬರಬೇಕು ಅಂತ ಹೊರಟವರಿಗೆ ಅದು ಸರಿಹೊಂದುವುದಿಲ್ಲ. ನಾವು ತಿಂಗಳ ಮೊದಲೇ ಗೊತ್ತುಮಾಡಿದ್ದ ರೂಮನ್ನು ಹೋಟೆಲ್‌ನವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ರಾತ್ರಿ ಚಳಿಯಲ್ಲಿ ಇನ್ನೊಂದು ಹುಡುಕಿದೆವು. 12 ಕಿಲೋಮೀಟರ್ ದಾರಿಗೆ ಒಂದೂವರೆ ಗಂಟೆ ಕಾರಿನಲ್ಲೇ ಕೂತೆವು. ಮೂರು ದಿನ ಓಡಾಡಿದ್ದೇ ಓಡಾಡಿದ್ದು. ಕಣ್ಣು ತುಂಬಿತು ನಿಜ. ಆದರೆ ಒಬ್ಬರ ಹತ್ತಿರವಾದರೂ ಕೂತು ಮಾತಾಡಿದೆವಾ? ಇಲ್ಲ.

ಖೊನೋಮಾದಲ್ಲಿ ಮಾಡಿದ್ದೇ ಅದನ್ನು, ಕೂತದ್ದು. ಮನೆ ಜಗಲಿಯಿಂದ ಕಣಿವೆ ತುಂಬಾ ಮೆಟ್ಟಿಲು ಗದ್ದೆ ಕಾಣುತ್ತಿತ್ತು. ಕೊಯ್ಲಿನ ಕಾಲ, ಎಲ್ಲ ಹೊಂಬಣ್ಣ. ಅಮ್ಮ ಸಾಗರದ ಕಡೆಯ ಹಳ್ಳಿಯವಳು, ಗದ್ದೆ ತೋಟದಲ್ಲೇ ಬೆಳೆದವಳು. ಬೆಳಿಗ್ಗೆ ಐದೂವರೆಗೆ ಎದ್ದು ಶಾಲು ಹೊದ್ದು ಸುಮ್ನೆ ಅದನ್ನೇ ನೋಡುತ್ತಾ ಕೂರುತ್ತಿದ್ದಳು.

ಊರಿನ ಸುತ್ತ ಸ್ಥಳೀಯ ಗೈಡ್ ಜೊತೆ ನಡೆದೆವು. ಕಲ್ಲಿನ ಬಾಗಿಲುಗಳು, ಕಲ್ಲು ಹಾಸಿದ ಮೆಟ್ಟಿಲು, ಮೂರು ಖೇಲ್‌ಗಳು, ಅಂದರೆ ನಮ್ಮ ಕೇರಿ ಇದ್ದ ಹಾಗೆ. ಮೇಲೆ ಕೋಟೆ. 1879ರಲ್ಲಿ ಈ ಊರಿನವರು ಬ್ರಿಟಿಷ್ ಅಧಿಕಾರಿ ಡಾಮಂಟ್‌ನನ್ನು ಕೊಂದು ಎದುರು ನಿಂತರು. ಹೋರಾಟ ಮುಗಿದು ಒಪ್ಪಂದವಾಗಿದ್ದು 1880ರ ಮಾರ್ಚ್‌ನಲ್ಲಿ. ನಾಗಾ ರಾಜಕೀಯದ ದೊಡ್ಡ ಹೆಸರು ಫಿಜೋ ಕೂಡ ಇದೇ ಊರಿನವರು. ಬೇಟೆಯೇ ಬದುಕಾಗಿದ್ದ ಊರು 1998ರಲ್ಲಿ ತಾನೇ ತೀರ್ಮಾನ ಮಾಡಿ ಬೇಟೆ ನಿಲ್ಲಿಸಿತು. ಟ್ರಾಗೊಪಾನ್ ಅನ್ನುವ, ಕೆಂಪು ಕತ್ತಿನ ಕಾಡುಕೋಳಿಯಂಥ ಹಕ್ಕಿಗಾಗಿ ಸುಮಾರು 20 ಚದರ ಕಿಲೋಮೀಟರ್ ಕಾಡನ್ನು ಬಿಟ್ಟುಕೊಟ್ಟಿತು. ಯಾವ ಸರ್ಕಾರವೂ ಹೇಳಿ ಮಾಡಿಸಿದ್ದಲ್ಲ. ನನಗೆ ಇಡೀ ಊರಿನಲ್ಲಿ ದೊಡ್ಡದು ಅನ್ನಿಸಿದ್ದು ಇದೇ.

ಅಮ್ಮನಿಗೆ ದೊಡ್ಡದು ಅನ್ನಿಸಿದ್ದು ಆಲ್ಡರ್ ಮರ. ಹೊಲದ ನಡುವೆ ಈ ಮರಗಳನ್ನು ಆಳೆತ್ತರಕ್ಕೆ ಕಡಿಯುತ್ತಾರೆ. ಬೊಡ್ಡೆ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಇದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಹಾಗಾಗಿ ಕುಮರಿ ಬೇಸಾಯ, ಅಂದರೆ ಗಿಡಮರ ಕಡಿದು ಸುಟ್ಟು ಮಾಡುವ ಬೇಸಾಯ, ಮಾಡಿದರೂ ಹೊಲ ಬೇಗ ಸುಧಾರಿಸಿಕೊಳ್ಳುತ್ತದೆ. “ನಮ್ಮ ಸೊಪ್ಪಿನಬೆಟ್ಟದ ಹಾಗೇ ಅಲ್ವಾ? ಕಡಿಯುವುದೂ ಗೊತ್ತು, ಉಳಿಸುವುದೂ ಗೊತ್ತು ಇವರಿಗೆ” ಅಂದಳು. ಸೊಪ್ಪಿನಬೆಟ್ಟ ಅಂದರೆ ಮಲೆನಾಡಿನಲ್ಲಿ ತೋಟಕ್ಕೆ ಬೇಕಾದ ಸೊಪ್ಪು ಕಡಿಯುವ ಕಾಡು.

ಊಟದ ವಿಷಯದಲ್ಲಿ ನನಗೆ ಭಯ ಇತ್ತು, ಅಮ್ಮ ಸಸ್ಯಾಹಾರಿ. ಮಾಂಸ ತಿನ್ನುವವರಿಗೆ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ ಎರಡೂ ಕಡೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಕೊಹಿಮಾದಲ್ಲಿ ಹೋಟೆಲ್‌ಗಳಿವೆ, ಅದೊಂದು ಅನುಕೂಲ. ಖೊನೋಮಾದಲ್ಲಿ ಮೊದಲೇ ಫೋನ್ ಮಾಡಿ ಹೇಳಿದ್ದೆವು. ಮನೆಯ ಅಜ್ಜಿ ಸೀಮೆಬದನೆಕಾಯಿ, ಅದರ ಕುಡಿ, ಸಾಸಿವೆ ಸೊಪ್ಪು ಎಲ್ಲ ಎಣ್ಣೆ ಇಲ್ಲದೆ ಬೇಯಿಸಿ ಬಿಸಿ ಅನ್ನದ ಜೊತೆ ಇಟ್ಟರು. ಗಾಲ್ಹೋ ಅನ್ನುವ ಸೊಪ್ಪು ಹಾಕಿದ ಗಂಜಿಯನ್ನೂ ಮಾಂಸ ಸೇರಿಸದೆ ಮಾಡಿಕೊಟ್ಟರು. ಕಳಲೆ ಕಂಡದ್ದೇ ಅಮ್ಮನ ಮುಖ ಅರಳಿತು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಅಮ್ಮ ಕನ್ನಡದಲ್ಲಿ, ಅಜ್ಜಿ ಅಂಗಾಮಿಯಲ್ಲಿ, ಒಲೆ ಮುಂದೆ ಕೂತು ಕಳಲೆ ಹೆಚ್ಚುವುದು ಹೇಗೆ ಅಂತ ಅರ್ಧ ಗಂಟೆ ಮಾತಾಡಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಕಷ್ಟಗಳೂ ಇವೆ, ಹೇಳಲೇಬೇಕು. ಕೊಹಿಮಾದಿಂದ ಬರುವ ರಸ್ತೆ ಕೆಲವು ಕಡೆ ತುಂಬಾ ಕೆಟ್ಟಿತ್ತು, ಅಮ್ಮನ ಸೊಂಟ ಹಿಡಿದುಕೊಂಡಿತು. ಊರೊಳಗೆ ಮೆಟ್ಟಿಲು ಜಾಸ್ತಿ. ಮಂಡಿನೋವು ಇದ್ದವರು ಕೆಳಗಿನ ಮನೆಯನ್ನೇ ಕೇಳಿ ತೆಗೆದುಕೊಳ್ಳಿ. ಭಾನುವಾರ ಇಡೀ ಊರು ಚರ್ಚ್‌ನಲ್ಲಿರುತ್ತದೆ, ಗೈಡ್ ಸಿಗುವುದು ಕಷ್ಟ. ಆದರೆ ನಾವು ಅವತ್ತು ಹೊರಗೆ ನಿಂತು ಕೇಳಿದ ಹಾಡು, ಹತ್ತಾರು ದನಿ ಸೇರಿ ಒಂದೇ ದನಿಯಾದ ಹಾಡು, ಮರೆಯುವಂಥದ್ದಲ್ಲ.

ಹಬ್ಬ ನೋಡಲೇಬೇಕು ಅನ್ನುವವರು, ಪೇಟೆಯ ಗದ್ದಲ ಇಷ್ಟಪಡುವ ಹುಡುಗರು ಕೊಹಿಮಾದಲ್ಲೇ ಇರಿ. ಉಳಿದವರಿಗೆಲ್ಲ ನಾನು ಹೇಳುವುದು ಖೊನೋಮಾ. ಸ್ಮಶಾನ, ಮಾರುಕಟ್ಟೆ, ಮ್ಯೂಸಿಯಂ ನೋಡಲು ಒಂದು ದಿನ ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮೊದಲು ವಾಪಸ್ ಬಂದರಾಯಿತು. ನಾವು ಹಾಗೇ ಮಾಡಿದೆವು, ಸಾಕಾಯಿತು.

ಅಮ್ಮ ಈಗ ನಾಟಿ ನೋಡಲು ಜೂನ್‌ನಲ್ಲಿ ಮತ್ತೆ ಹೋಗೋಣ ಅನ್ನುತ್ತಿದ್ದಾಳೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ಗುಡ್ಡ ಕುಸಿಯುತ್ತದೆ ಅಂದೆ. ಮಲೆನಾಡಿನವಳಿಗೆ ಮಳೆ ಹೆದರಿಕೆ ಹೇಳಬೇಡ ಅಂದಳು.