ಗೇಟಿಗೆ ಹೊಡೆಯುವ ಪುಡಿಯಿಂದ ಮೀನಿನ ಜಿಗ್‌ಗೆ ಬಣ್ಣ: ಎರಡು ಪುಡಿ ಬಳಸಿ ನೋಡಿದ ಮೇಲೆ

ಜಿಗ್ ಅಂದರೆ ಸೀಸದ ತಲೆ ಇರುವ, ಎಸೆದು ಎಳೆಯುವ ಮೀನಿನ ಗಾಳ. ನೇಲ್ ಪಾಲಿಶ್ ಹಚ್ಚಿದ ಜಿಗ್ ಕಾಗಿಣಾ ಹೊಳೆಯಲ್ಲಿ ಒಂದು ಮುಂಜಾನೆ ಕೂಡ ಬಾಳುತ್ತಿರಲಿಲ್ಲ. ಶಹಾಬಾದ್ ಕಡೆ ನಾನು ಕೂರುವ ಜಾಗದಲ್ಲಿ ಹೊಳೆಯ ತಳವೆಲ್ಲ ಫರ್ಸಿ ಕಲ್ಲು. ಹತ್ತು ಸಲ ಎಸೆದು ಎಳೆಯುವಷ್ಟರಲ್ಲಿ ಬಣ್ಣ ಕಿತ್ತು ಒಳಗಿನ ಸೀಸ ಕಾಣುತ್ತಿತ್ತು. ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಕೂತು ಕೂತು ಉಜ್ಜಿ ಮಾಡಿದ ಜಿಗ್ ಹೀಗಾದರೆ ಬೇಜಾರಾಗುತ್ತದೆ ಅಲ್ವಾ? ಅದಕ್ಕೇ ಪೌಡರ್ ಪೇಂಟಿಗೆ, ಅಂದರೆ ಬಿಸಿ ಲೋಹದ ಮೇಲೆ ಕರಗಿ ಅಂಟುವ ಬಣ್ಣದ ಪುಡಿಗೆ, ಕೈ ಹಾಕಿದೆ.

ಎರಡು ಪುಡಿ ಬಳಸಿದ್ದೇನೆ. ಒಂದು ಜಿಗ್‌ಗೆಂದೇ ಮಾಡುವ ಅಮೆರಿಕದ ಪ್ರೊ-ಟೆಕ್. ಇನ್ನೊಂದು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಪೌಡರ್ ಕೋಟಿಂಗ್ ಶೆಡ್ಡೊಂದರಲ್ಲಿ ಕೊಂಡದ್ದು, ಗೇಟು ಗ್ರಿಲ್ಲಿಗೆ ಹೊಡೆಯುವ ಪುಡಿ. ಹೊಸದಾಗಿ ಶುರು ಮಾಡುವವರು ಮೊದಲು ಕಪನೂರಿನ ಪುಡಿಯನ್ನೇ ತಗೊಳ್ಳಿ. ಪ್ರೊ-ಟೆಕ್ ಡಬ್ಬಿಯಲ್ಲಿ ಬರುವುದು ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಸಾಗಣೆ, ಸುಂಕ ಎಲ್ಲ ಸೇರಿ ಒಂದು ಡಬ್ಬಿ ನನಗೆ ಸಾವಿರ ರೂಪಾಯಿ ದಾಟಿತು. ಶೆಡ್ಡಿನಲ್ಲಿ ಪಾವ್ ಕಿಲೋ ಪುಡಿಗೆ 100 ರೂಪಾಯಿ ಕೊಟ್ಟೆ. ಕಲಿಯುವಾಗ ಮೊದಲ ಇಪ್ಪತ್ತು ಮೂವತ್ತು ಜಿಗ್ ಕೆಡುವುದೇ, ಅದು ಅಗ್ಗದ ಪುಡಿಯಲ್ಲಿ ಕೆಡಲಿ.

ಶೆಡ್ಡಿನವರು ಒಳ್ಳೆಯ ಜನ. "ಇಷ್ಟs ಪುಡಿ ತಗೊಂಡು ಏನ್ ಮಾಡ್ತೀರಿ ಅಣ್ಣಾ?" ಅಂತ ಕೇಳಿದರು, ಜೇಬಿನಿಂದ ಜಿಗ್ ತೆಗೆದು ತೋರಿಸಿದ ಮೇಲೆ ಅವರೇ ಹುರುಪಿನಿಂದ ಡಬ್ಬಿ ಡಬ್ಬಿ ತೆರೆದು ಬಣ್ಣ ತೋರಿಸಿದರು. ಅಲ್ಲಿ ಒಂದು ಮಾತು ಕೇಳಿಯೇ ತಗೊಳ್ಳಬೇಕು. ಮನೆಯೊಳಗಿನ ಅಲ್ಮಾರಿಗೆ ಹೊಡೆಯುವ ಪುಡಿಯಲ್ಲಿ ಎಪಾಕ್ಸಿ ಬೆರೆತಿರುತ್ತದೆ, ಬಿಸಿಲಿಗೆ ಅದು ಮಂಕಾಗುತ್ತದೆ. ಹೊರಗಿನ ಗೇಟಿಗೆ ಬಳಸುವುದು ಪ್ಯೂರ್ ಪಾಲಿಯೆಸ್ಟರ್, ನಮಗೆ ಬೇಕಾದದ್ದು ಅದು. ಒಂದು ಸಲ ಚೀಟಿ ಇಲ್ಲದ ಪೊಟ್ಟಣದಲ್ಲಿ ಟೆಕ್ಸ್ಚರ್ ಪುಡಿ ಕೊಟ್ಟುಬಿಟ್ಟರು. ಬೇಯಿಸಿ ತೆಗೆದರೆ ಜಿಗ್ ಮೈಯೆಲ್ಲ ಉಪ್ಪುಕಾಗದದ ಹಾಗೆ ತರಿತರಿ. ಮರುದಿನ ಹೋದಾಗ ಮಾತಿಲ್ಲದೆ ಬದಲಿಸಿ ಕೊಟ್ಟರು ನಿಜ, ಆದರೆ ನನ್ನ ಹದಿನಾಲ್ಕು ಜಿಗ್ ಹೋದವು. "ಗ್ಲಾಸಿ ಕೊಡ್ರಿ" ಅಂತ ಬಾಯಿಬಿಟ್ಟು ಹೇಳಿ.

ಇನ್ನು ಕೆಲಸ. ಯಾವ ಪುಡಿ ತಂದರೂ ಎಲ್ಲ ನಿಂತಿರುವುದು ಬಿಸಿಯ ಮೇಲೆ. ಜಿಗ್ಗನ್ನು ಇಕ್ಕಳದಲ್ಲಿ ಹಿಡಿದು ಬಿಸಿ ಗಾಳಿ ಊದುವ ಹೀಟ್ ಗನ್ ಮುಂದೆ ತಿರುಗಿಸಬೇಕು, ಪುಡಿಯಲ್ಲಿ ಒಂದೆರಡು ಸೆಕೆಂಡ್ ಅದ್ದಿ ತೆಗೆಯಬೇಕು, ಇಕ್ಕಳಕ್ಕೆ ಮೆಲ್ಲಗೆ ತಟ್ಟಿ ಹೆಚ್ಚಿನ ಪುಡಿ ಉದುರಿಸಬೇಕು. ಬಿಸಿ ಕಮ್ಮಿಯಾದರೆ ಪುಡಿ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ. ಜಾಸ್ತಿಯಾದರೆ ದಪ್ಪ ಹತ್ತಿ, ಕೆಳಗೆ ಇಳಿದು ಹನಿ ಕಟ್ಟುತ್ತದೆ. ಅದ್ದಿದ ಕೂಡಲೇ ಪುಡಿ ಒದ್ದೆಯಾದಂತೆ ಕಂಡು, ಐದಾರು ಸೆಕೆಂಡಿನಲ್ಲಿ ತಾನೇ ಹೊಳಪಿಗೆ ಬಂದರೆ ಹದ ಸರಿ ಇದೆ ಅಂತ. ಮಂಕಾಗಿಯೇ ಉಳಿದರೆ ದೂರದಿಂದ ಇನ್ನೊಮ್ಮೆ ಗಾಳಿ ತೋರಿಸಿ. ಗನ್ನಿಗೆ ತೀರ ಹತ್ತಿರ ಹಿಡಿಯಬೇಡಿ. ಸೀಸ ಕರಗುವುದು 327 ಡಿಗ್ರಿಗೆ, ಗನ್ನಿನ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ನಾನು ಫೋನಿನಲ್ಲಿ ಮಾತಾಡುತ್ತಾ ಹಿಡಿದಿದ್ದ ಒಂದು ಜಿಗ್‌ನ ತಲೆ ಜಾರಿ ನೆಲಕ್ಕೆ ಬಿತ್ತು, ಕೈಯಲ್ಲಿ ಬರೀ ಗಾಳ ಉಳಿಯಿತು. ಕಾಲ ಮೇಲೆ ಬೀಳಲಿಲ್ಲ, ಅಷ್ಟೇ ಪುಣ್ಯ. ಅಂದಿನಿಂದ ಬೂಟು ಹಾಕಿಯೇ ಕೂರುತ್ತೇನೆ.

ಬಣ್ಣ ಮೆತ್ತಗಿರುವಾಗಲೇ ದಾರ ಕಟ್ಟುವ ಕಣ್ಣಿಗೆ ಸೂಜಿ ಚುಚ್ಚಿ ತೆರೆದುಬಿಡಿ, ಬೆಂದ ಮೇಲೆ ತೆರೆಯುವುದು ದೊಡ್ಡ ತಲೆನೋವು.

ಬಹಳ ಜನ ಹೊಳಪು ಬಂತು, ಮುಗೀತು ಅಂತ ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ, ಕಾಗಿಣಾ ಕಲ್ಲಿಗೆ ಬಡಿದು ಚಕ್ಕೆ ಚಕ್ಕೆಯಾಗಿ ಹೋಯಿತು, ನೇಲ್ ಪಾಲಿಶ್ಶಿಗೂ ಇದಕ್ಕೂ ಫರಕೇ ಕಾಣಲಿಲ್ಲ. ಆಗ ಪುಡಿ ಬರೀ ಕರಗಿ ಅಂಟಿರುತ್ತದೆ, ಗಟ್ಟಿಯಾಗಿರುವುದಿಲ್ಲ. ಗಟ್ಟಿಯಾಗಲು ಓವನ್ ಒಳಗೆ ಬೇಯಲೇಬೇಕು. ಪ್ರೊ-ಟೆಕ್‌ಗೆ ಸುಮಾರು 175 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಸಾಕು. ಗೇಟಿನ ಪುಡಿಗೆ ಸ್ವಲ್ಪ ಹೆಚ್ಚು ಬೇಕು, ನಾನು 185ರ ಹತ್ತಿರ ಇಪ್ಪತ್ತು ನಿಮಿಷ ಇಡುತ್ತೇನೆ. ಗುಜರಿಯಲ್ಲಿ ಸಿಕ್ಕ ಹಳೆ ಓಟಿಜಿ (ಚಿಕ್ಕ ಕರೆಂಟ್ ಓವನ್) ಒಂದನ್ನು ಇದಕ್ಕೇ ಇಟ್ಟಿದ್ದೇನೆ. ಒಳಗೆ ತಂತಿ ಕಟ್ಟಿ ಜಿಗ್‌ಗಳನ್ನು ಒಂದಕ್ಕೊಂದು ತಾಗದಂತೆ ತೂಗುಹಾಕುತ್ತೇನೆ. ಅಡುಗೆಮನೆಯ ಓವನ್ ಮಾತ್ರ ಮುಟ್ಟಬೇಡಿ, ಸೀಸ ವಿಷ. ಮಕ್ಕಳನ್ನು ದೂರ ಇಡಿ, ಮುಖಕ್ಕೆ ಮಾಸ್ಕ್ ಹಾಕಿ, ಕೈ ತೊಳೆಯದೆ ನೀರಿನ ಲೋಟ ಕೂಡ ಹಿಡಿಯಬೇಡಿ. ಹಾರುವ ಪುಡಿಗೆ ಬೆಂಕಿ ಹತ್ತಬಹುದು, ಹಾಗಾಗಿ ಗ್ಯಾಸ್ ಒಲೆ ಪಕ್ಕದಲ್ಲೂ ಈ ಕೆಲಸ ಬೇಡ.

ಪ್ರೊ-ಟೆಕ್ ಗೆಲ್ಲುವುದು ಬಣ್ಣದಲ್ಲಿ. ಅದರ ಹೊಳೆಯುವ ಹಳದಿ-ಹಸಿರು ಭೀಮಾದ ಕೆಂಪು ಮಳೆನೀರಿನಲ್ಲೂ ಎದ್ದು ಕಾಣುತ್ತದೆ, ಕಪನೂರಿನಲ್ಲಿ ಅಂಥದ್ದು ನನಗೆ ಸಿಗಲಿಲ್ಲ. ಅಲ್ಲಿ ಬಿಳಿ, ಕಪ್ಪು, ಕಂದು, ಕೆಂಪು ಇವೇ ಜಾಸ್ತಿ. ಈಗ ಮೊದಲು ಅಲ್ಲಿಯ ಬಿಳಿ ತೆಳ್ಳಗೆ ಅದ್ದಿ, ಮೇಲೆ ಪ್ರೊ-ಟೆಕ್ ಒಂದು ಪದರ ಕೊಡುತ್ತೇನೆ. ಬಣ್ಣ ಇನ್ನೂ ಎದ್ದು ಕಾಣುತ್ತದೆ, ದುಬಾರಿ ಡಬ್ಬಿಯೂ ಉಳಿಯುತ್ತದೆ.

ಅದ್ದುವಾಗ ಗಂಟು ಗಂಟಾಗಿ ಹತ್ತುತ್ತಿದ್ದರೆ ಅಕ್ವೇರಿಯಂನ ಗಾಳಿ ಪಂಪ್ ತನ್ನಿ. ಎರಡಿಂಚು ಪಿವಿಸಿ ಪೈಪಿನ ತುಂಡಿಗೆ ತಳದಲ್ಲಿ ಫಿಲ್ಟರ್ ಕಾಗದ ಬಿಗಿದು, ಅದರ ಕೆಳಗಿನಿಂದ ಗಾಳಿ ಬಿಟ್ಟರೆ ಪುಡಿ ಕುದಿಯುವ ಹಾಲಿನ ಹಾಗೆ ಹಗುರಾಗಿ ಏಳುತ್ತದೆ, ಜಿಗ್‌ಗೆ ಸುತ್ತಲೂ ಒಂದೇ ಸಮ ಕೂರುತ್ತದೆ. ಮಳೆಗಾಲದಲ್ಲಿ ಪುಡಿ ತೇವ ಹೀರಿ ಗಟ್ಟಿಯಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬೇಯಿಸಿದ ಗೇಟಿನ ಪುಡಿಯ ಒಂದು ಕೆಂಪು ಜಿಗ್ಗನ್ನು ದೀಪಾವಳಿಯಿಂದ ಅದೇ ಕಲ್ಲುಗಳ ಮೇಲೆ ಎಳೆಯುತ್ತಿದ್ದೇನೆ. ಗಾಳದ ಮೊನೆ ಎರಡು ಸಲ ಮೊಂಡಾಯಿತು, ಅರದಿಂದ ಉಜ್ಜಿಕೊಂಡೆ. ಬಣ್ಣ ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಮಾತ್ರ ಹೋಗಿದೆ.