ಮೈಕ್ರೋಸ್ಪೈಕ್ ತಗೊಂಡು ಜೂನ್ ಹಿಮಕ್ಕೆ ಹೋದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ವಸ್ತು ಕೆಟ್ಟದ್ದೇನಲ್ಲ. ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಮಾರುವವರೂ ಒಂದು ಸಾಲು ಬರೆದಿರಲಿಲ್ಲ. ಅದಕ್ಕೇ ಎರಡು ಸ್ಟಾರ್ ಕಟ್.

ಮೈಕ್ರೋಸ್ಪೈಕ್ ಅಂದರೆ ಶೂ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರ್ ಪಟ್ಟಿ. ಅಡಿಗೆ ಸರಪಳಿ, ಸರಪಳಿಗೆ ಸುಮಾರು ಒಂದು ಸೆಂಟಿಮೀಟರಿನ ಉಕ್ಕಿನ ಹಲ್ಲು. ನಮ್ಮ ಕೊನೆಗೌಡರು ಅಡಿಕೆ ಮರ ಹತ್ತುವಾಗ ಕಾಲಿಗೆ ತಳೆ ಹಾಕಿಕೊಳ್ಳುತ್ತಾರಲ್ಲ, ಇದೂ ಅಷ್ಟೇ, ಜಾರಬಾರದು ಅಂತ. ಎರಡು ಸಾವಿರದೊಳಗೆ ಆನ್‌ಲೈನಿನಲ್ಲಿ ಸಿಕ್ಕಿತು. ಪಾರ್ಸೆಲ್ ಶಿರಸಿಗೆ ಬಂದ ದಿನವೇ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ಚಪ್ಪಡಿ ಮೇಲೆ ಗೀರು ಬಿತ್ತು, ಆಯಿ ಹತ್ತಿರ ಸರಿಯಾಗಿ ಬೈಸಿಕೊಂಡೆ. ಹಿಮವೇ ಇಲ್ಲದ ಊರಲ್ಲಿ ಇನ್ನೆಲ್ಲಿ ಪರೀಕ್ಷೆ ಮಾಡೋದು?

ಹೋಗಿದ್ದು ಮನಾಲಿಯ ಮೇಲೆ, ಬಿಯಾಸ್ ಕುಂಡ ಅನ್ನೋ ಪುಟ್ಟ ಸರೋವರದ ಕಡೆಗೆ, ಸುಮಾರು 3,700 ಮೀಟರ್ ಎತ್ತರ. ಬದಾಮಿಯಲ್ಲಿ ಒಟ್ಟಿಗೆ ಬಂಡೆ ಹತ್ತುವ ನಾವು ಮೂವರು, ಜೊತೆಗೆ ಅಲ್ಲೇ ಗೊತ್ತುಮಾಡಿಕೊಂಡ ಒಬ್ಬ ಗೈಡ್. ಕುಂಡದ ಪಕ್ಕದ ಒಂದು ಬಂಡೆಗೋಡೆ ಹತ್ತುವ ಆಸೆ. ನಿಜ ಹೇಳಬೇಕೆಂದರೆ ಇದಕ್ಕೆ ಸೆಪ್ಟೆಂಬರ್ ವಾಸಿ, ಹಳೇ ಹಿಮ ಬಹುಪಾಲು ಕರಗಿರುತ್ತದೆ, ಮಳೆಯೂ ಹಿಂದೆ ಸರಿಯುತ್ತಿರುತ್ತದೆ. ಆದರೆ ನನಗೆ ರಜೆ ಸಿಕ್ಕಿದ್ದೇ ಜೂನ್ ಮೊದಲ ವಾರ, ಅದೂ ಮುಗಿಯುತ್ತಲೇ ವಾಪಸ್ ಬಂದು ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು, ಕೊಳೆರೋಗ ಬಿದ್ದರೆ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಆ ಹೊತ್ತಿಗೆ ಮನಾಲಿ ಪೇಟೆಯಲ್ಲಿ ಜನ ಟೀ ಶರ್ಟಲ್ಲಿ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ಮೇಲೆ ನೋಡಿದರೆ ಬಂಡೆಯ ಬುಡದವರೆಗೂ ಚಳಿಗಾಲದ ಹಿಮ ಹಾಗೇ ಬಿದ್ದುಕೊಂಡಿದೆ.

ಮೊದಲ ದಿನ ಬೆಳಗಿನ ಜಾವ 4 ಗಂಟೆಗೆ ಹೊರಟೆವು. ರಾತ್ರಿಯಿಡೀ ಆಕಾಶ ನಿಚ್ಚಳವಾಗಿತ್ತು, ಹಿಮ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇಲ್ಲಿ ಮೈಕ್ರೋಸ್ಪೈಕಿಗೆ ಪೂರ್ತಿ ಅಂಕ. ಕರಕರ ಅಂತ ಕಚ್ಚಿಕೊಂಡು ಹೋಯಿತು. ಬರೀ ಶೂ ಇದ್ದಿದ್ದರೆ ಹಾವಸೆ ಹಿಡಿದ ಕಲ್ಲಿನ ಮೇಲೆ ಆಷಾಢದಲ್ಲಿ ನಡೆದ ಕಥೆಯೇ.

ಬಂಡೆಯ ಕಡೆ ಇಳಿಜಾರು ಕಡಿದಾಗುತ್ತಾ ಬಂತು. ನನ್ನ ಎಡಗಾಲಿನ ರಬ್ಬರ್ ಪಕ್ಕಕ್ಕೆ ತಿರುಚಿಕೊಂಡು ಹಲ್ಲುಗಳೆಲ್ಲ ಶೂ ಬದಿಗೆ ಬಂದವು. ಗೈಡ್ ಅದನ್ನು ನೋಡಿ ಅಲ್ಲೇ ನಿಲ್ಲಿಸಿ, ಇದರ ಕೆಲಸ ಇಲ್ಲಿಗೆ ಮುಗೀತು, ಕ್ರ್ಯಾಂಪಾನ್ ಹಾಕಿ ಅಂದರು. ಕ್ರ್ಯಾಂಪಾನ್ ಅಂದರೆ ಶೂ ಅಡಿಗೆ ಬಿಗಿದು ಕಟ್ಟುವ ಲೋಹದ ಚೌಕಟ್ಟು, ಹಲ್ಲು ಉದ್ದ, ಮುಂದಕ್ಕೂ ಚಾಚಿರುತ್ತವೆ. ಇಳಿಜಾರು 30 ಡಿಗ್ರಿ ದಾಟಿದರೆ ಮೈಕ್ರೋಸ್ಪೈಕನ್ನು ನಂಬಬಾರದಂತೆ. ಮುಂದಕ್ಕೆ ಚಾಚಿದ ಹಲ್ಲಿಲ್ಲ, ಇರುವ ಹಲ್ಲು ಗಿಡ್ಡ, ಪಟ್ಟಿ ಹಿಗ್ಗುತ್ತದೆ. ಗಟ್ಟಿ ಹಿಮದ ಕಡಿದಾದ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ಕ್ಷಣದಲ್ಲಿ ವೇಗ ಏರುತ್ತದೆ, ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಕೊಡಲಿ) ಊರಿ ಕೂಡಲೇ ತಡೆದುಕೊಳ್ಳದಿದ್ದರೆ ಕೆಳಗಿನ ಕಲ್ಲೇ ಗತಿ. ಹಿಂದಿನ ದಿನ ಒಂದು ಚಿಕ್ಕ ದಿಬ್ಬದಲ್ಲಿ ನಮ್ಮನ್ನು ಬೇಕಂತಲೇ ಜಾರಿಸಿ ಜಾರಿಸಿ ಅದನ್ನು ಕಲಿಸಿದ್ದರು. ಆಗ ನಗು ಬಂದಿತ್ತು.

ಕ್ರ್ಯಾಂಪಾನ್ ಬಾಡಿಗೆಯದ್ದು. ಅಂಗಡಿಯ ಹೆಸರು ಬೇಡ. ಯಾವ ಶೂಗಾದರೂ ಆಗುತ್ತೆ ಅಂತ ಹೇಳಿ ಕೊಟ್ಟದ್ದು ನನ್ನ ಮೆತ್ತನೆ ಶೂಗೆ ಕೂರಲೇ ಇಲ್ಲ, ಒಂದರ ಪಟ್ಟಿ ಬೇರೆ ಹರಿಯುವ ಹಾಗಿತ್ತು. ಹೊರಡುವ ಮೊದಲೇ ಗೈಡ್ ನೋಡಿ ಬದಲಿಸಿದ್ದರಿಂದ ಬಚಾವ್. ಬಾಡಿಗೆ ತರುವವರು ಅಂಗಡಿಯಲ್ಲೇ ನಿಮ್ಮ ಶೂಗೆ ಹಾಕಿ, ಕಾಲು ಝಾಡಿಸಿ ನೋಡಿ, ಮುಲಾಜು ಬೇಡ.

ಬಂಡೆಯ ಬುಡದಲ್ಲಿ ಇನ್ನೊಂದು ಕಥೆ. ದೂರದಿಂದ ಹಿಮ ಬಂಡೆಗೆ ಅಂಟಿದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ನಡುವೆ ಬಿರುಕು. ಬಿಸಿಲಿಗೆ ಬಂಡೆ ಕಾಯುತ್ತದೆ, ಅದಕ್ಕೆ ತಾಗಿದ ಹಿಮ ಮೊದಲು ಕರಗುತ್ತದೆ. ಒಳಗೆ ಕತ್ತಲೆ, ಕೆಳಗೆಲ್ಲೋ ನೀರಿನ ಸದ್ದು. ಹಿಮದ ಅಂಚು ತೆಳ್ಳಗೆ, ಬಂಡೆ ಒದ್ದೆ, ಕಾಲಲ್ಲಿ ಕಬ್ಬಿಣ. ಹತ್ತುವುದಕ್ಕಿಂತ ಆ ಒಂದು ಹೆಜ್ಜೆಯೇ ಕಷ್ಟ, ಹಗ್ಗ ಕಟ್ಟಿಕೊಂಡೇ ದಾಟಿದೆವು. ಬಂಡೆ ಎರಡು ಹಗ್ಗದಷ್ಟು ಹತ್ತಿದೆವು, ಅದರ ಮೇಲೆ ಕರಗಿದ ನೀರು ಧೋ ಅಂತ ಇಳಿಯುತ್ತಿತ್ತು. ವಾಪಸ್.

ಇಳಿಯುವಾಗ ಮಧ್ಯಾಹ್ನ. ಅದೇ ಹಿಮ ಈಗ ಗಂಜಿ. ಮೈಕ್ರೋಸ್ಪೈಕ್ ಅಡಿಗೆ ಉಂಡೆ ಉಂಡೆ ಹಿಮ ಮೆತ್ತಿಕೊಂಡು ಹಲ್ಲು ನೆಲಕ್ಕೇ ಮುಟ್ಟುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಬಡಿದು ಉದುರಿಸಬೇಕು. ಆಮೇಲೆ ಬಿಚ್ಚಿ ಚೀಲಕ್ಕೇ ಹಾಕಿದೆ. ಬೆಳಿಗ್ಗೆ ಒಂದು ತೊರೆಯ ಮೇಲಿನ ಹಿಮದ ಸಂಕವನ್ನು ಯೋಚನೆಯೇ ಇಲ್ಲದೆ ದಾಟಿದ್ದೆವು, ಗೈಡ್ ಈಗ ಅದರ ಹತ್ತಿರಕ್ಕೂ ಬಿಡಲಿಲ್ಲ, ಅರ್ಧ ಗಂಟೆ ಸುತ್ತು ಹಾಕಿಸಿದರು. ನಮ್ಮೂರ ಕಾಲುಸಂಕವನ್ನು ಮಳೆಗೆ ನಂಬುವ ಹಾಗಿಲ್ಲ, ಇದನ್ನು ಬಿಸಿಲಿಗೆ.

ಎರಡನೇ ರಾತ್ರಿ ಮೋಡ ಕವಿದಿತ್ತು. ಮೋಡ ಇದ್ದರೆ ನೆಲದ ಕಾವು ಆರುವುದಿಲ್ಲ, ಹಿಮ ಗಟ್ಟಿಯಾಗುವುದಿಲ್ಲ. 3 ಗಂಟೆಗೆ ಗೈಡ್ ಕೋಲು ಚುಚ್ಚಿ ನೋಡಿ, ಮಲಗಿ ಅಂದರು. ನಮ್ಮಲ್ಲೊಬ್ಬ, ಇಷ್ಟು ದೂರ ಬಂದು ಮಲಗೋದಾ ಮಾರಾಯ್ರೆ ಅಂತ ಹಟ ಹಿಡಿದು ಹೊರಟ. ನೂರು ಹೆಜ್ಜೆಯೂ ಹೋಗಿರಲಿಲ್ಲ, ತೊಡೆಯವರೆಗೆ ಹೂತುಕೊಂಡ. ನಾವು ಟೀ ಕುಡಿಯುತ್ತಾ ನೋಡಿದೆವು. ಇಡೀ ಖರ್ಚಿನಲ್ಲಿ ಜಾಸ್ತಿ ಬೆಲೆ ಬಂದದ್ದು ಆ ಗೈಡಿಗೆ ಕೊಟ್ಟ ದುಡ್ಡಿಗೇ.

ಮೈಕ್ರೋಸ್ಪೈಕ್ ತಗೊಳ್ಳುವವರಿಗೆ: ನಡೆಯುವ ಶೂವಿನ ಅಳತೆಗೇ ತಗೊಳ್ಳಿ, ಸಡಿಲ ಇದ್ದರೆ ನನ್ನ ಎಡಗಾಲಿನ ಗತಿಯೇ. ಚಳಿಗೆ ರಬ್ಬರ್ ಬಿಗಿಯಾಗುತ್ತದೆ, ಗ್ಲೌಸ್ ಹಾಕಿಕೊಂಡು ಎಳೆಯುವುದು ಕಷ್ಟ, ಟೆಂಟಿನೊಳಗೇ ಹಾಕಿಕೊಂಡು ಹೊರಡುವ ಅಂದರೆ ಟೆಂಟ್ ತೂತಾಗುತ್ತದೆ. ಊರಿಗೆ ಬಂದು ಒರೆಸದೆ ಮೂಲೆಗಿಟ್ಟಿದ್ದೆ, ಶಿರಸಿಯ ಮಳೆಗೆ ಹದಿನೈದು ದಿನದಲ್ಲಿ ತುಕ್ಕು. ತೆಂಗಿನೆಣ್ಣೆ ಹಚ್ಚಿ ತಿಕ್ಕಿದೆ. ಸುಮ್ನೆ ಇರಲಿ ಅಂತ ತೋಟದ ಧರೆ ಇಳಿಯೋಕೂ ಹಾಕಿ ನೋಡಿದೆ. ಹಾವಸೆಗೆ ಚೆನ್ನಾಗಿ ಕಚ್ಚುತ್ತದೆ, ಆದರೆ ಹತ್ತು ಹೆಜ್ಜೆಗೆ ಅರ್ಧ ತೋಟದ ದರಕು ಹಲ್ಲಿಗೆ ಸಿಕ್ಕಿಕೊಂಡು ಬಂತು. ಬೋರ್ಡೋ ಹೊಡೆಯಲು ಬಂದ ಕೊನೆಗೌಡರು ಅದನ್ನು ಕೈಯಲ್ಲಿ ತೂಗಿ ನೋಡಿ, ಬೆಲೆ ಕೇಳಿ, ಏನೂ ಹೇಳದೆ ತಳೆ ಹಾಕಿಕೊಂಡು ಮರ ಹತ್ತಿದರು.